ಗುಂಪುಫೋಟೋದಿಂದ ಬೇರೆಯಾದ ಮುಖ

ಶಿರಸಿ ಸೀಮೆಯ ಹಳೆಯ ಮನೆಗಳ ಜಗಲಿಯಲ್ಲಿ, ಗೋಡೆಯ ಮೇಲ್ತುದಿಯಿಂದ ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿರುವ ಹಿರಿಯರ ಫೋಟೋಗಳನ್ನು ಒಂದಷ್ಟು ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಅವುಗಳಲ್ಲಿ ಬಹಳಷ್ಟು ಆ ಒಬ್ಬರದೇ ಎಂದು ತೆಗೆಸಿದ ಫೋಟೋಗಳಲ್ಲ. ಯಾರದೋ ಮದುವೆಯಲ್ಲಿ, ಉಪನಯನದಲ್ಲಿ, ಗೃಹಪ್ರವೇಶದಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ನಿಂತಾಗ ತೆಗೆದ ಫೋಟೋದಿಂದ ಒಬ್ಬರನ್ನು ಬೇರ್ಪಡಿಸಿ, ದೊಡ್ಡದು ಮಾಡಿ, ಹಿಂದೆ ನೀಲಿಯನ್ನೋ ತಿಳಿಹಸಿರನ್ನೋ ತುಂಬಿ ಕಟ್ಟು ಹಾಕಿಸಿದವು. ಹತ್ತಿರ ಹೋದರೆ ಹೆಗಲಿನ ಗೆರೆ ಒಂದು ಕಡೆ ಸಹಜವಾಗಿಯೂ ಇನ್ನೊಂದು ಕಡೆ ಕತ್ತರಿ ಆಡಿಸಿದಷ್ಟು ನೇರವಾಗಿಯೂ ಇರುತ್ತದೆ. ಕೆಲವದರಲ್ಲಿ ಸೆರಗಿನ ಅಂಚಿಗೆ ಪಕ್ಕದವರ ಪಂಚೆಯ ಬಿಳಿ ಒಂದೆಳೆ ಅಂಟಿಕೊಂಡು ಉಳಿದಿರುತ್ತದೆ. ಫೋಟೋದಲ್ಲಿರುವವರು ನಗುತ್ತಿದ್ದರೆ, ಆ ನಗು ಪಕ್ಕದಲ್ಲಿದ್ದ ಯಾರೋ ಹೇಳಿದ ಮಾತಿಗೆ ಬಂದದ್ದು. ಆ ಯಾರೋ ಈಗ ಚೌಕಟ್ಟಿನೊಳಗಿಲ್ಲ.

ಫೋಟೋಗ್ರಫಿಗೂ ಸಾವಿಗೂ ಇರುವ ನಂಟಿನ ಬಗ್ಗೆ ಕಳೆದ ಅರ್ಧ ಶತಮಾನದಲ್ಲಿ ಬಹಳ ಬರೆಯಲಾಗಿದೆ, ಮತ್ತು ಬರೆದವರಲ್ಲಿ ಹೆಚ್ಚಿನವರು ಕ್ಯಾಮೆರಾದ ಗುಂಡಿ ಒತ್ತುವ ಕ್ಷಣದ ಸುತ್ತಲೇ ತಮ್ಮ ವಿಚಾರವನ್ನು ಕಟ್ಟಿದ್ದಾರೆ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1977ರಲ್ಲಿ, ಪ್ರತಿಯೊಂದು ಫೋಟೋವೂ ಮನುಷ್ಯನ ನಶ್ವರತೆಯನ್ನು ನೆನಪಿಸುವ ವಸ್ತು ಎಂಬ ಅರ್ಥದಲ್ಲಿ ಬರೆದರು. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ 1980ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಕ್ಯಾಮೆರಾದ ಮುಂದೆ ಇದ್ದದ್ದು ಖಂಡಿತವಾಗಿಯೂ ಇತ್ತು ಮತ್ತು ಈಗ ಇಲ್ಲ ಎಂಬ ಎರಡನ್ನೂ ಫೋಟೋ ಒಟ್ಟಿಗೆ ಹೇಳುತ್ತದೆ ಎಂದರು. ಇಬ್ಬರ ಮಾತನ್ನೂ ನಾನು ಒಪ್ಪುತ್ತೇನೆ. ಆದರೆ ಜಗಲಿಯ ಗೋಡೆಯನ್ನು ನೋಡುತ್ತ ಬೆಳೆದ ನನಗೆ, ನಮ್ಮ ಮನೆಗಳಲ್ಲಿ ಸಾವು ಫೋಟೋದೊಳಗೆ ಬರುವ ಹೊತ್ತು ಬೇರೆಯೇ ಎಂದು ಬಲವಾಗಿ ಅನಿಸುತ್ತದೆ. ಯಾವ ಫೋಟೋ ಎಂದು ಮನೆಯವರು ಕುಳಿತು ಆರಿಸಿ, ಅದರಲ್ಲಿದ್ದ ಉಳಿದವರನ್ನು ತೆಗೆದುಹಾಕಿಸುವ ಹೊತ್ತು ಅದು. ಸಮಕಾಲೀನ ಕಲೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಕೆಲಸಗಳಲ್ಲಿ ಬಹುಪಾಲು ಇದೇ ಆಯ್ಕೆಯ, ಇದೇ ಕತ್ತರಿಸುವಿಕೆಯ ಸುತ್ತ ಹುಟ್ಟಿದವು.

ದೊಡ್ಡಾಯಿ ತೀರಿಕೊಂಡ ದಿನಗಳಲ್ಲಿ ಈ ಕೆಲಸವನ್ನು ನಾನು ಹತ್ತಿರದಿಂದ ನೋಡಿದೆ. ವೈಕುಂಠ ಸಮಾರಾಧನೆಯ ಹೊತ್ತಿಗೆ ಫೋಟೋ ಸಿದ್ಧವಾಗಬೇಕಿತ್ತು. ಎಂಬತ್ತು ದಾಟಿ ಬದುಕಿದವಳ ಒಂಟಿ ಫೋಟೋ ಎಂದರೆ ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಗಾಬರಿಯಾದವಳಂತೆ ಕಾಣುತ್ತಾಳೆ ಎಂದು ಮಗಳು ಅದನ್ನು ಬೇಡವೆಂದಳು. ಮೊಬೈಲುಗಳಲ್ಲಿ ನೂರಾರು ಫೋಟೋಗಳಿದ್ದವು, ಆದರೆ ಅವುಗಳಲ್ಲಿ ಅವಳು ಯಾರಿಗೋ ಬಡಿಸುತ್ತಿದ್ದಳು, ಬಾಳೆಲೆ ಒರೆಸುತ್ತಿದ್ದಳು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಖವನ್ನು ಆಚೆ ತಿರುಗಿಸಿದ್ದಳು. ಕೊನೆಗೆ ಮೊಮ್ಮಗನ ಉಪನಯನದ ಗುಂಪುಫೋಟೋವನ್ನು ಆರಿಸಿ ಶಿರಸಿ ಪೇಟೆಯ ಸ್ಟುಡಿಯೋ ಒಂದಕ್ಕೆ ಒಯ್ದೆವು. ಒಬ್ಬರದೇ ಫೋಟೋ ತರುವವರು ಕಡಿಮೆ, ಯಾವಾಗಲೂ ಗುಂಪಿನಿಂದಲೇ ತೆಗೆಯಬೇಕಾಗುತ್ತದೆ ಎನ್ನುತ್ತ ಸ್ಟುಡಿಯೋದವರು ಅದನ್ನು ಕಂಪ್ಯೂಟರಿನಲ್ಲಿ ತೆರೆದರು.

ಮೊದಲು ತಲೆಯ ಸುತ್ತ, ಆಮೇಲೆ ಕಿವಿ, ಕುತ್ತಿಗೆ, ಹೆಗಲಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆಯುತ್ತ ಬಂದವರು ಬಲ ಹೆಗಲಿನ ಹತ್ತಿರ ನಿಂತರು. ಅಲ್ಲಿ ನಾಲ್ಕು ಬೆರಳುಗಳಿದ್ದವು. ಹಿಂದಿನ ಸಾಲಿನಲ್ಲಿ ನಿಂತಿದ್ದ ಅವಳ ತಂಗಿ, ನಮ್ಮ ಚಿಕ್ಕಿ, ಅಕ್ಕನ ಹೆಗಲ ಮೇಲೆ ಕೈ ಇಟ್ಟಿದ್ದಳು. ಎಡ ಹೆಗಲಿನ ಸೀರೆಯ ಒಂದು ತುಣುಕನ್ನು ನಕಲು ಮಾಡಿ ಆ ಬೆರಳುಗಳ ಮೇಲೆ ಹಾಸಿದಾಗ, ಆ ಕೈ ಅಲ್ಲಿ ಇದ್ದದ್ದೇ ಸುಳ್ಳು ಎಂಬಂತಾಯಿತು. ದೊಡ್ಡಾಯಿಯ ಕಣ್ಣು ಕ್ಯಾಮೆರಾದ ಕಡೆಗಿರಲಿಲ್ಲ. ಸಾಲಿನ ತುದಿಯಿಂದ ತಪ್ಪಿಸಿಕೊಂಡು ಓಡಲು ಹವಣಿಸುತ್ತಿದ್ದ ಮಗುವೊಂದರ ಮೇಲಿತ್ತು. ಮಗುವನ್ನು ತೆಗೆದ ಮೇಲೂ ನೋಟ ಮಾತ್ರ ಹಾಗೆಯೇ ಉಳಿಯಿತು. ಚರ್ಮವನ್ನು ನುಣುಪು ಮಾಡುವಾಗ ಗದ್ದದ ಮಚ್ಚೆಯೂ ಹೋಗಿತ್ತು. ವಾಟ್ಸ್ಯಾಪಿನಲ್ಲಿ ಕಳಿಸಿದ ನಮೂನೆ ನೋಡಿ ಮಗಳು ಮನೆಯಿಂದ ಫೋನ್ ಮಾಡಿ, “ಇದು ಆಯಿ ಹಾಂಗೆ ಕಾಣ್ತಿಲ್ಲೆ” ಎಂದಳು. ಮಚ್ಚೆ ಮರಳಿ ಬಂತು, 12×15 ಇಂಚಿನ ಕಾಗದದ ಮೇಲೆ ಮುಖ ಮುದ್ರಣವಾಯಿತು, ಮರುದಿನ ಕಟ್ಟೂ ಆಯಿತು. ಚಿಕ್ಕಿಯ ಕೈಯನ್ನು ಯಾರೂ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ.

ಕೇಳುವ ಹಾಗೆ ಇರಲಿಲ್ಲ ಏಕೆಂದರೆ ಆ ಫೋಟೋಕ್ಕೆ ಹಾರ ಬೀಳುತ್ತದೆ. ಶಿರಸಿ, ಸಿದ್ದಾಪುರ, ಕುಮಟಾಗಳ ಗುಡಿಗಾರರ ಕೈಕೆಲಸದಿಂದ ಹೆಸರಾದ ಗಂಧದ ಹಾರ ಈಗ ಹೆಚ್ಚಾಗಿ ಬೇರೆ ಮರದ ತೆಳು ಸಿಪ್ಪೆಗೆ ಪರಿಮಳ ಹಾಕಿ ಮಾಡಿದ್ದಾಗಿರುತ್ತದೆ, ಆದರೂ ಅದರ ಅರ್ಥ ಬದಲಾಗಿಲ್ಲ. ಹಾರ ಬಿದ್ದ ಚೌಕಟ್ಟಿನೊಳಗೆ ಬದುಕಿರುವವರ ಬೆರಳೂ ಇರಕೂಡದು. ಹೀಗಾಗಿ ನಮ್ಮಲ್ಲಿ ಸತ್ತವರ ಫೋಟೋ ತಯಾರಿಸುವುದೆಂದರೆ ಬದುಕಿರುವವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸುವುದು. ಸತ್ತವರು ನಮ್ಮನ್ನು ಬಿಟ್ಟು ಹೋದರು ಎಂದು ನಾವು ಹೇಳುತ್ತೇವೆ. ಫೋಟೋದ ಮಟ್ಟಿಗೆ ಹೊರಟುಹೋಗುವವರು ನಾವು. ಈ ಪದ್ಧತಿಯನ್ನು ನಾನು ದೂರುತ್ತಿಲ್ಲ. ಅದರಲ್ಲಿ ಬದುಕಿರುವವರ ಆಯುಸ್ಸಿನ ಬಗ್ಗೆ ಕಾಳಜಿ ಇದೆ, ಮತ್ತು ಹೋದವರಿಗೆ ಅವರದೇ ಆದ ಒಂದು ಜಾಗ ಕೊಡಬೇಕೆಂಬ ಗೌರವವೂ ಇದೆ.

ಗಂಡಹೆಂಡತಿಯರ ಫೋಟೋಗಳಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಗಂಡ ನಲವತ್ತೈದರಲ್ಲಿ ತೀರಿಕೊಂಡರೆ ಜೋಡಿಫೋಟೋದಿಂದ ಅವನೊಬ್ಬನನ್ನು ಬೇರೆ ಮಾಡಿ ಗೋಡೆಗೆ ಹಾಕುತ್ತಾರೆ. ಹೆಂಡತಿ ಮತ್ತೆ ಮೂವತ್ತು ವರ್ಷ ಬದುಕಿ ಹೋದಾಗ ಮಕ್ಕಳು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಬೇಕೆಂದು ಸ್ಟುಡಿಯೋಕ್ಕೆ ಬರುತ್ತಾರೆ. ಆಗ ಕಪ್ಪು ಮೀಸೆಯ ಗಂಡನ ಪಕ್ಕದಲ್ಲಿ ಬೆಳ್ಳಿಕೂದಲಿನ ಹೆಂಡತಿ ನಿಲ್ಲುತ್ತಾಳೆ. ಗೊತ್ತಿಲ್ಲದವರು ತಾಯಿಮಗ ಎಂದುಕೊಳ್ಳುತ್ತಾರೆ. ನನಗೆ ಈ ಫೋಟೋಗಳು ಬಹಳ ಪ್ರೀತಿಯವು. ಕ್ಯಾಮೆರಾ ಎಂದೂ ಕಾಣದ ಒಂದು ಭೇಟಿಯನ್ನು ಅವು ಕಟ್ಟಿಕೊಡುತ್ತವೆ, ಮತ್ತು ಆ ಮೂವತ್ತು ವರ್ಷಗಳ ಅಂತರವನ್ನು ಮುಚ್ಚಿಡದೆ ಎರಡು ಮುಖಗಳ ನಡುವೆ ಬಿಟ್ಟಿರುತ್ತವೆ.

ಕಲಾವಿದ ವಿವಾನ್ ಸುಂದರಂ ಇದೇ ಕೆಲಸವನ್ನು ತನ್ನ ಮನೆತನದ ಫೋಟೋಗಳಿಂದ 2001 ಮತ್ತು 2002ರಲ್ಲಿ ಮಾಡಿದರು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಸುಂದರಂ ಅವರ ದೊಡ್ಡಮ್ಮ, ಅಂದರೆ ತಾಯಿ ಇಂದಿರಾ ಅವರ ಅಕ್ಕ; 1941ರಲ್ಲಿ 28ನೆಯ ವಯಸ್ಸಿಗೇ ಲಾಹೋರಿನಲ್ಲಿ ತೀರಿಕೊಂಡವರು. ಅಮೃತಾರ ತಂದೆ ಉಮ್ರಾವ್ ಸಿಂಗ್ ಅವರಿಗೆ ಫೋಟೋ ತೆಗೆಯುವುದು ದೊಡ್ಡ ಆಸಕ್ತಿಯಾಗಿತ್ತು. ಹೆಂಡತಿಯನ್ನು, ಮಕ್ಕಳನ್ನು, ತಮ್ಮನ್ನು ತಾವೇ ದಶಕಗಳ ಕಾಲ ಚಿತ್ರಿಸಿದ್ದರು. ಮಗಳು ಹೋದ ಮೇಲೆ ಅವರು 1954ರವರೆಗೆ ಬದುಕಿದರು. ಸುಂದರಂ ಈ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರೊಳಗೊಂದು ಸೇರಿಸಿ, ಬೇರೆ ಬೇರೆ ಕಾಲದ ತಂದೆಮಗಳನ್ನು, ಅಕ್ಕತಂಗಿಯರನ್ನು ಒಂದೇ ಕೋಣೆಯಲ್ಲಿ ನಿಲ್ಲಿಸಿದರು. ನೋಡಿದ ತಕ್ಷಣ ಕೂಡಿಕೆ ಕಾಣುವುದಿಲ್ಲ, ಆಮೇಲೆ ವಯಸ್ಸು ಹೊಂದುವುದಿಲ್ಲ ಎಂಬುದು ಹೊಳೆಯುತ್ತದೆ. ನಮ್ಮ ಸ್ಟುಡಿಯೋದವರು ದುಃಖಕ್ಕೆ ಉತ್ತರವಾಗಿ ಮಾಡುವುದನ್ನು ಸುಂದರಂ ಪ್ರಶ್ನೆಯಾಗಿ ಮಾಡಿದರು: ಒಂದು ಕುಟುಂಬ ತನ್ನ ನೆನಪಿನಲ್ಲಿ ಯಾರನ್ನು ಯಾರ ಪಕ್ಕದಲ್ಲಿ ಕೂರಿಸುತ್ತದೆ, ಯಾರ ನೋಟ ಯಾರ ಮೇಲೆ ಬೀಳುವಂತೆ ನೋಡಿಕೊಳ್ಳುತ್ತದೆ?

ಗುಂಪಿನಿಂದ ಮುಖವನ್ನು ಬೇರ್ಪಡಿಸುವುದನ್ನೇ ಜೀವನದ ಕೆಲಸ ಮಾಡಿಕೊಂಡವರು ಫ್ರಾನ್ಸಿನ ಕ್ರಿಶ್ಚಿಯನ್ ಬೋಲ್ಟಾನ್ಸ್ಕಿ. ಹುಟ್ಟಿದ್ದು 1944ರಲ್ಲಿ, ನಾಜಿಗಳ ಹಿಡಿತದಿಂದ ಆಗಷ್ಟೇ ಬಿಡುಗಡೆಯಾಗಿದ್ದ ಪ್ಯಾರಿಸಿನಲ್ಲಿ. ಯಹೂದಿಯಾಗಿದ್ದ ತಂದೆ ಮನೆಯ ನೆಲಹಲಗೆಯಡಿ ಅಡಗಿಕೊಂಡು ಜೀವ ಉಳಿಸಿಕೊಂಡವರು. 1980ರ ದಶಕದ ಉತ್ತರಾರ್ಧದಲ್ಲಿ ಬೋಲ್ಟಾನ್ಸ್ಕಿಗೆ ವಿಯೆನ್ನಾದ ಯಹೂದಿ ಪ್ರೌಢಶಾಲೆಯೊಂದರ 1931ರ ಕೊನೆಯ ತರಗತಿಯ ಗುಂಪುಫೋಟೋ ಸಿಕ್ಕಿತು. ಪರೀಕ್ಷೆ ಮುಗಿಸಿದ ಹುಡುಗರು, ಹುಡುಗಿಯರು, ಕೆಲವರ ಮುಖದಲ್ಲಿ ನಗು. ಏಳು ವರ್ಷಗಳ ನಂತರ, 1938ರಲ್ಲಿ, ಆಸ್ಟ್ರಿಯಾ ಹಿಟ್ಲರನ ವಶವಾಯಿತು. ಅವರಲ್ಲಿ ಯಾರು ಉಳಿದರು, ಯಾರು ಇಲ್ಲವಾದರು ಎಂಬುದನ್ನು ಬೋಲ್ಟಾನ್ಸ್ಕಿಯ ಕೃತಿ ಹೇಳುವುದಿಲ್ಲ. ಅವರು ಒಂದೊಂದು ಮುಖವನ್ನೂ ಬೇರೆಯಾಗಿ ಫೋಟೋ ತೆಗೆದು ಎಷ್ಟು ದೊಡ್ಡದು ಮಾಡಿದರೆಂದರೆ ಕಣ್ಣುಗಳು ಕಪ್ಪು ಕುಳಿಗಳಾದವು, ನಗು ಹಲ್ಲಿನ ಸಾಲಾಗಿ ಉಳಿಯಿತು, ಹುಡುಗಿಯ ಕೆನ್ನೆ ಕಾಗದದ ಬಿಳಿಯೊಳಗೆ ಕರಗಿತು. ಕೆಳಗೆ ತುಕ್ಕು ಹಿಡಿದ ತಗಡಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ, ಪ್ರತಿ ಮುಖದ ಮುಂದೆ ಪುಟ್ಟ ದೀಪವೊಂದನ್ನು ನಿಲ್ಲಿಸಿದರು. ಅದು ಪೂಜೆಯ ದೀಪದಂತೆಯೂ ವಿಚಾರಣೆಯ ಕೊಠಡಿಯ ದೀಪದಂತೆಯೂ ಕಾಣುತ್ತದೆ.

ಈ ಕೃತಿಯ ಚಿತ್ರಗಳನ್ನು ಮೊದಲ ಬಾರಿ ನೋಡಿದಾಗ ನನಗೆ ನಮ್ಮ ಸ್ಟುಡಿಯೋದ ಕಂಪ್ಯೂಟರ್ ಪರದೆ ನೆನಪಾದದ್ದು ಸಹಜವೇ. ಕೆಲಸ ಒಂದೇ, ಹೋಗುವ ದಿಕ್ಕು ಬೇರೆ. ಶಿರಸಿಯಲ್ಲಿ ಮುಖವನ್ನು ಹಿಗ್ಗಿಸಿದಾಗ ಮಸುಕಾಗುವುದನ್ನು ತುಂಬಿ, ಹುಬ್ಬು ತಿದ್ದಿ, ಮಚ್ಚೆ ಮರಳಿಸಿ, “ಇದು ನಮ್ಮವಳು” ಎಂದು ಮನೆಯವರು ಒಪ್ಪುವವರೆಗೆ ಬಿಡುವುದಿಲ್ಲ. ಬೋಲ್ಟಾನ್ಸ್ಕಿ ಆ ಮಸುಕನ್ನೇ ಉಳಿಸಿಕೊಂಡರು, ಏಕೆಂದರೆ ಒಪ್ಪಬೇಕಾದ ಮನೆಯವರನ್ನೇ ಚರಿತ್ರೆ ಚದುರಿಸಿಬಿಟ್ಟಿತ್ತು. ತಿದ್ದಿ ಹೇಳುವವರಿಲ್ಲದ ಮುಖ ಹೇಗೆ ಕಾಣುತ್ತದೆ ಎಂಬುದನ್ನು ತೋರಿಸುವುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ತೋಚುವುದಿಲ್ಲ. 1990ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದರ ನಿಧನವಾರ್ತೆಗಳಲ್ಲಿ ಬಂದ ಫೋಟೋಗಳನ್ನು ಕತ್ತರಿಸಿ ಇಟ್ಟುಕೊಂಡು ಇದೇ ರೀತಿಯಲ್ಲಿ ದೊಡ್ಡದು ಮಾಡಿದರು. ಸ್ವಿಸ್ಸರನ್ನು ಆರಿಸಿದ್ದು ಅವರಿಗೆ ಸಾಯಲು ಚರಿತ್ರೆಯ ಕಾರಣವೇನೂ ಇರಲಿಲ್ಲವೆಂದು. ಅವರು ಎಲ್ಲರಂತೆ ಸತ್ತವರು. ನಮ್ಮ ಕನ್ನಡ ಪತ್ರಿಕೆಗಳ ಶ್ರದ್ಧಾಂಜಲಿ ಅಂಕಣವನ್ನು ಅಂದಿನಿಂದ ನಾನು ಬೇರೆ ಕಣ್ಣಿನಿಂದ ನೋಡುತ್ತ ಬಂದಿದ್ದೇನೆ. ಅಲ್ಲಿಯೂ ಹೆಗಲಿನ ಗೆರೆ ಒಂದು ಕಡೆ ನೇರ.

ಫೋಟೋ ಬರುವ ಮೊದಲು ನಮ್ಮಲ್ಲಿ ಸತ್ತವರಿಗೆ ಮುಖದ ಹೋಲಿಕೆ ಬೇಕಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬನವಾಸಿಯ ಸುತ್ತಮುತ್ತ ಹೊಲದಂಚಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅವನು. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಎತ್ತಿದ ತೋಳು ಸಾಕು. ಕಲ್ಲು ಅವನು ಹೇಗೆ ಸತ್ತ, ಎಲ್ಲಿಗೆ ಹೋದ ಎಂಬುದನ್ನು ಹೇಳುತ್ತದೆ, ಹೇಗಿದ್ದ ಎಂಬುದನ್ನು ಹೇಳುವುದಿಲ್ಲ. ಫೋಟೋ ಹೇಳುವುದು ಹೇಗಿದ್ದ ಎಂಬುದನ್ನು ಮಾತ್ರ. ಉಳಿದ ಎರಡನ್ನು ನಾವು ಹಾರದಿಂದ, ದೀಪದಿಂದ, ಕೆಳಗೆ ಬರೆಸುವ ಜನನ ಮರಣದ ತಾರೀಕಿನಿಂದ ತುಂಬುತ್ತೇವೆ.

ಆ ಬರಹ ಬದಲಾದರೆ ಫೋಟೋವೇ ಬದಲಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಯೊಳಕ್ಕೆ ಜಾರಿದಾಗ, ಸಿಗದೆ ಉಳಿದವರ ಫೋಟೋಗಳು ವಾಹಿನಿಗಳಲ್ಲಿ, ಪತ್ರಿಕೆಗಳಲ್ಲಿ, ಎಲ್ಲರ ಮೊಬೈಲಿನಲ್ಲಿ ತಿರುಗಿದವು. ನದಿಯ ಆಳದಿಂದ ಲಾರಿಯೊಂದನ್ನು ಮೇಲೆತ್ತಲು ಸಾಧ್ಯವಾದದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನವೂ ಆ ಮುಖಗಳು ಕಾಣೆಯಾದವರ ಮುಖಗಳಾಗಿದ್ದವು. ಯಾವ ದಿನ ಅದೇ ಮುಖದ ಕೆಳಗೆ ಶ್ರದ್ಧಾಂಜಲಿ ಎಂದು ಬರೆಯಬೇಕೆಂಬುದನ್ನು ಫೋಟೋ ಹೇಳಲಾರದು. ಮನೆಯವರ ಹೊರತು ಬೇರೆ ಯಾರಿಗೂ ಅದನ್ನು ಹೇಳುವ ಹಕ್ಕಿರಲಿಲ್ಲ. ಬಾರ್ತ್ ತನ್ನ ಪುಸ್ತಕದಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ 1865ರಲ್ಲಿ ತೆಗೆದ ಫೋಟೋವೊಂದನ್ನು ಮುಂದಿಟ್ಟು, ಮರಣದಂಡನೆಗೆ ಕಾದಿರುವ ಆ ಯುವಕ ಈಗಾಗಲೇ ಸತ್ತಿದ್ದಾನೆ ಮತ್ತು ಇನ್ನು ಸಾಯಲಿದ್ದಾನೆ ಎಂದು ಕಂಪಿಸುತ್ತಾರೆ. ಶಿರೂರಿನ ಆ ವಾರಗಳಲ್ಲಿ ನಾವು ಕಂಡದ್ದು ಇದಕ್ಕಿಂತ ಕಠಿಣವಾದದ್ದು: ಎರಡರಲ್ಲಿ ಯಾವುದೆಂದು ಫೋಟೋವನ್ನು ಎಷ್ಟು ದಿಟ್ಟಿಸಿದರೂ ಗೊತ್ತಾಗದೆ ಇರುವುದು.

ಒಂದು ಊರಿನ ಸಾವನ್ನು ಒಂದೇ ಮುಖಕ್ಕೆ ಇಳಿಸುವುದೂ ಗುಂಪಿನಿಂದ ಕತ್ತರಿಸುವ ಕೆಲಸವೇ. ಭೋಪಾಲದ 1984ರ ಡಿಸೆಂಬರಿನ ವಿಷಾನಿಲದಲ್ಲಿ ಸತ್ತ ಮಗುವೊಂದನ್ನು ಹೂಳುವಾಗ ರಘು ರಾಯ್ ತೆಗೆದ ಫೋಟೋ ಇಂದಿಗೂ ಆ ದುರಂತದ ಗುರುತಾಗಿದೆ. ಮಗುವಿನ ಹೆಸರು ಫೋಟೋದ ಜೊತೆ ಬರಲಿಲ್ಲ. ಆ ಫೋಟೋ ಇಲ್ಲದಿದ್ದರೆ ಜಗತ್ತು ಇನ್ನೂ ಬೇಗ ಮರೆಯುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಮಚ್ಚೆ ಎಲ್ಲಿತ್ತು ಎಂದು ಹೇಳುವ ಮಗಳೊಬ್ಬಳನ್ನು ಕಂಡ ಮೇಲೆ ಹೆಸರಿಲ್ಲದ ಆ ಮುಖವನ್ನು ನೋಡುವುದು ನನಗೆ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.

ಸ್ಟುಡಿಯೋ, ಮುಖ, ಅಳಿಸುವುದು, ಮರಳಿ ಕೇಳುವುದು ಇವೆಲ್ಲವೂ ಕೂಡಿರುವ, ನಾನು ಬಲ್ಲ ಅತ್ಯಂತ ನೋವಿನ ಕೃತಿ ಲೆಬನಾನಿನದು. ಅಲ್ಲಿನ ಸೈದಾ ಪಟ್ಟಣದಲ್ಲಿ ಹಾಶೆಮ್ ಎಲ್ ಮದನಿ ಎಂಬವರು ದಶಕಗಳ ಕಾಲ ಸ್ಟುಡಿಯೋ ನಡೆಸಿದರು. 1950ರ ದಶಕದಲ್ಲಿ ಒಬ್ಬ ಹೆಂಗಸು ಅವರಲ್ಲಿ ಫೋಟೋ ತೆಗೆಸಿಕೊಂಡಳು. ತನ್ನ ಅನುಮತಿ ಇಲ್ಲದೆ ತೆಗೆಸಿದಳೆಂದು ಗಂಡ ಸಿಟ್ಟಾಗಿ ಬಂದು ನೆಗೆಟಿವ್ ಕೊಡಬೇಕೆಂದ. ಅದೇ ಫಿಲ್ಮಿನ ಸುರುಳಿಯಲ್ಲಿ ಬೇರೆಯವರ ಫೋಟೋಗಳೂ ಇದ್ದುದರಿಂದ ಕೊಡಲಾಗದೆ, ಅವನ ಕಣ್ಣೆದುರಿಗೇ ಅವಳ ನೆಗೆಟಿವ್‌ಗಳ ಮೇಲೆ ಮದನಿ ಸೂಜಿಯಿಂದ ಗೀರಿದರು. ವರ್ಷಗಳ ನಂತರ ಅವಳು ಬೆಂಕಿ ಹಚ್ಚಿಕೊಂಡು ಸತ್ತಳು. ಆಗ ಅದೇ ಗಂಡ ಸ್ಟುಡಿಯೋಕ್ಕೆ ಮರಳಿ, ಅವಳ ಬೇರೆ ಫೋಟೋ ಏನಾದರೂ ಇದ್ದರೆ ದೊಡ್ಡದು ಮಾಡಿಕೊಡಿ ಎಂದು ಕೇಳಿದ. ಕಲಾವಿದ ಅಕ್ರಂ ಜಾತಾರಿ ಆ ಗೀರಿದ ನೆಗೆಟಿವ್‌ಗಳನ್ನು ಗೀರುಗಳ ಸಮೇತ ದೊಡ್ಡದಾಗಿ ಮುದ್ರಿಸಿ ಪ್ರದರ್ಶನಕ್ಕಿಟ್ಟರು. ಕ್ಯಾಮೆರಾದ ಮುಂದೆ ಒಬ್ಬ ಹೆಣ್ಣು, ಅವಳ ಮೇಲೆ ಅಡ್ಡಾದಿಡ್ಡಿ ಗೆರೆಗಳು. ತಿದ್ದುವುದು ಬಹಳ ಸುಲಭವಿತ್ತು, ಜಾತಾರಿ ತಿದ್ದಲಿಲ್ಲ. ಅವಳ ಬದುಕಿನಲ್ಲಿ ನಡೆದದ್ದಕ್ಕೆ ಆ ಗೀರುಗಳೇ ಸಾಕ್ಷಿ, ಮುಖದಷ್ಟೇ ಸಾಕ್ಷಿ.

ಮುಖವನ್ನೇ ಬಿಟ್ಟು ನೆನಪನ್ನು ಹಿಡಿದವರೂ ಇದ್ದಾರೆ. ಜಪಾನಿನ ಇಶಿಯುಚಿ ಮಿಯಾಕೊ 2000ದಲ್ಲಿ ತಾಯಿಯನ್ನು ಕಳೆದುಕೊಂಡ ಮೇಲೆ ಅವರು ಬಿಟ್ಟುಹೋದ ಒಳಉಡುಪು, ಬಳಸಿ ಸವೆದ ಲಿಪ್‌ಸ್ಟಿಕ್, ಕಟ್ಟಿಸಿದ ಹ‌ಲ್ಲುಗಳನ್ನು ಒಂದೊಂದಾಗಿ ಫೋಟೋ ತೆಗೆದರು. ಆ ಸರಣಿ 2005ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಜಪಾನಿನ ಮಂಟಪದಲ್ಲಿ ಪ್ರದರ್ಶನಗೊಂಡಿತು. ದೊಡ್ಡಾಯಿಯ ಕವಳದ ಸಂಚಿ ಇನ್ನೂ ಅಡಿಗೆಮನೆಯ ಗೂಟದಲ್ಲಿದೆ, ಅಂಚಿನಲ್ಲಿ ಸುಣ್ಣ ಒಣಗಿ ಬಿಳಿಯಾಗಿದೆ, ಹೊಗೆಸೊಪ್ಪಿನ ವಾಸನೆ ಇನ್ನೂ ಬಿಟ್ಟಿಲ್ಲ. ಅದರ ಫೋಟೋ ತೆಗೆದರೆ ಯಾರನ್ನೂ ಹೊರಗೆ ಹಾಕಬೇಕಾಗುವುದಿಲ್ಲ. ಇನ್ನೊಂದು ತುದಿಯಲ್ಲಿ ಅಮೆರಿಕದ ನಿಕೊಲಸ್ ನಿಕ್ಸನ್ ಇದ್ದಾರೆ: 1975ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತನ್ನ ಹೆಂಡತಿ ಮತ್ತು ಅವಳ ಮೂವರು ಸೋದರಿಯರನ್ನು ವರ್ಷಕ್ಕೊಂದರಂತೆ, ಯಾವಾಗಲೂ ಅದೇ ಕ್ರಮದಲ್ಲಿ ನಿಲ್ಲಿಸಿ ಚಿತ್ರಿಸಿದರು. ಆ ಸಾಲಿನಲ್ಲಿ ಒಬ್ಬರ ಕೈ ಇನ್ನೊಬ್ಬರ ಹೆಗಲ ಮೇಲೆ ಇದ್ದರೆ ಅದು ಅಲ್ಲಿಯೇ ಇರುತ್ತದೆ.

ಈಚೆಗೆ ಮೊಬೈಲಿನಲ್ಲಿ ಸತ್ತವರ ಫೋಟೋ ಕಣ್ಣು ಮಿಟುಕಿಸುವಂತೆ, ತಲೆ ಆಡಿಸುವಂತೆ, ಮಾತನಾಡುವಂತೆ ಮಾಡುವ ಸೌಕರ್ಯಗಳು ಬಂದಿವೆ. 2021ರಲ್ಲಿ ವಂಶಾವಳಿಯ ಜಾಲತಾಣವೊಂದು ಇಂಥದನ್ನು ಹೊರತಂದಾಗ ಜಗತ್ತಿನಾದ್ಯಂತ ಜನ ತಮ್ಮ ಅಜ್ಜ ಅಜ್ಜಿಯರ ಚಿತ್ರಗಳನ್ನು ಅಲುಗಾಡಿಸಿ ನೋಡಿದರು. ನಮ್ಮ ಮನೆಯ ಹುಡುಗನೊಬ್ಬ ದೊಡ್ಡಾಯಿಯ ಚೌಕಟ್ಟಿನ ಫೋಟೋವನ್ನು ಹಾಗೆ ಮಾಡಿ ತೋರಿಸಿದಾಗ ಮಗಳು ನೋಡಿ ಅತ್ತಳು, ಚಿಕ್ಕಿ ಎದ್ದು ಒಳಗೆ ಹೋದಳು. ಯಾರನ್ನೂ ತಪ್ಪೆನ್ನಲಾಗದು. ನನಗೆ ಅದು ಬೇಡವಾದದ್ದು ಒಂದೇ ಕಾರಣಕ್ಕೆ: ಯಂತ್ರ ಅವಳ ಕಣ್ಣನ್ನು ನಮ್ಮ ಕಡೆ ತಿರುಗಿಸಿತು. ಅವಳ ಕಣ್ಣು ಅಂದು ಹೋದದ್ದು ಮಗುವಿನ ಕಡೆಗೆ, ಮತ್ತು ಆ ಮಗು ಈಗ ಶಾಲೆಗೆ ಹೋಗುತ್ತಿರುವ, ಹೆಸರು ಹಿಡಿದು ಕರೆದರೆ ಓಗೊಡುವ ಹುಡುಗಿ. ಅಷ್ಟು ನಿಜವಾದ ನೋಟವನ್ನು ಬಿಟ್ಟುಕೊಟ್ಟು ಪಡೆಯಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ.

ಫೋಟೋಗಳಿಗೂ ಸಾವಿದೆ, ಮತ್ತು ನಮ್ಮ ಜಿಲ್ಲೆಯಲ್ಲಿ ಅದು ಮಳೆಗಾಲದಲ್ಲಿ ಬರುತ್ತದೆ. ಕಾಗದದ ಮೇಲೆ ಚಿತ್ರವನ್ನು ಹಿಡಿದಿಟ್ಟಿರುವುದು ಜೆಲಾಟಿನ್ ಎಂಬ ತೆಳು ಪದರ. ಅದು ಪ್ರಾಣಿಗಳ ಮೂಳೆ, ಚರ್ಮಗಳಿಂದ ಮಾಡಿದ್ದು. ಗಾಳಿಯಲ್ಲಿ ತೇವ ಏರಿದಾಗ ಅದು ಉಬ್ಬಿ ಮೆತ್ತಗಾಗಿ ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ಎಳೆದರೆ ಮುಖ ಗಾಜಿನ ಜೊತೆ ಬರುತ್ತದೆ. ಬೂಸ್ಟಿಗೆ ಅದೇ ಆಹಾರ. ಕೆನ್ನೆಯ ಮೇಲೆ ಬಿಳಿ ಬಳ್ಳಿಗಳಂತೆ ಹಬ್ಬುತ್ತದೆ. ಹಳೆಯ ಕಪ್ಪುಬಿಳುಪು ಫೋಟೋಗಳು ಬೆಳ್ಳಿಯ ಕಣಗಳಿಂದಾದವು, ಚೆನ್ನಾಗಿ ತೊಳೆದಿದ್ದರೆ ನೂರು ವರ್ಷವೂ ಬಾಳುತ್ತವೆ. 1970, 80ರ ದಶಕಗಳ ಬಣ್ಣದ ಫೋಟೋಗಳಲ್ಲಿ ಬಣ್ಣಗಳು ಒಂದೇ ಸಮನೆ ಮಾಸುವುದಿಲ್ಲವಾದ್ದರಿಂದ ಆ ಕಾಲದ ಮದುವೆಗಳೆಲ್ಲ ಈಗ ಕೆಂಪಗೆ ಕಾಣುತ್ತವೆ. ಗಾಜಿಗೂ ಫೋಟೋಕ್ಕೂ ನಡುವೆ ದಪ್ಪ ಕಾಗದದ ಅಂಚು ಕೊಟ್ಟು, ಹೊರಗೋಡೆಯ ಬದಲು ಒಳಗೋಡೆಗೆ ತೂಗಿದರೆ ಬಹಳಷ್ಟು ಉಳಿಯುತ್ತದೆ.

ನೀರು ನುಗ್ಗಿದರೆ ಅದೂ ಸಾಲದು. 2019ರ ಆಗಸ್ಟಿನಲ್ಲಿ ಗಂಗಾವಳಿ, ಕಾಳಿ ನದಿಗಳ ನೆರೆ ಇಳಿದ ಮೇಲೆ ದಂಡೆಯ ಮನೆಗಳವರು ಹಾಸಿಗೆ ಬಟ್ಟೆಗಳ ಜೊತೆ ಆಲ್ಬಮ್ಮುಗಳನ್ನೂ ಬಿಸಿಲು ಬಂದಾಗ ಒಣಗಿಸಲು ಹಾಕಿದ್ದರು. ಜಪಾನಿನ 2011ರ ಸುನಾಮಿಯ ನಂತರ ಮಿಯಾಗಿ ಪ್ರಾಂತದ ಯಮಾಮೊಟೊ ಪಟ್ಟಣದಲ್ಲಿ ಸ್ವಯಂಸೇವಕರು ಕೆಸರಿನಲ್ಲಿ ಸಿಕ್ಕ ಲಕ್ಷಾಂತರ ಫೋಟೋಗಳನ್ನು ಒಂದೊಂದಾಗಿ ತೊಳೆದು, ಒಣಗಿಸಿ, ಗುರುತು ಹಿಡಿಯಲು ಬಂದವರಿಗೆ ಮರಳಿಸಿದರು. ಬ್ಯಾಕ್ಟೀರಿಯಾ ತಿಂದು ಮುಖವೇ ಉಳಿಯದ ಫೋಟೋಗಳನ್ನು ಯಾರೂ ಗುರುತಿಸಲಾಗಲಿಲ್ಲ. ಎಸೆಯಲು ಮನಸ್ಸಾಗದೆ ಛಾಯಾಗ್ರಾಹಕ ಮುನೆಮಾಸಾ ತಕಹಾಶಿ ಅವನ್ನು ಪ್ರದರ್ಶನವಾಗಿ ಬೇರೆ ದೇಶಗಳಿಗೂ ಒಯ್ದರು. ಗೋಡೆ ತುಂಬ ಅಂಟಿಸಿದ ಆ ಚಿತ್ರಗಳಲ್ಲಿ ಹಳದಿ, ಗುಲಾಬಿ ಕಲೆಗಳ ನಡುವೆ ಒಂದು ಮೊಣಕೈ, ಸಮವಸ್ತ್ರದ ಒಂದು ಗುಂಡಿ ಮಾತ್ರ ಕಾಣುತ್ತದೆ. ತೊಳೆದ ಆ ಕೈಗಳ ಕೆಲಸವೇ ನನ್ನ ದೃಷ್ಟಿಯಲ್ಲಿ ಈ ಕೃತಿಯ ಮುಖ್ಯ ಭಾಗ.

ಹೀಗಿರುವಾಗ ನಮ್ಮ ಕಡೆಯ ಸ್ಟುಡಿಯೋಗಳಲ್ಲಿರುವ ಸಂಗ್ರಹದ ಬಗ್ಗೆ ನನಗೆ ನಿಜವಾದ ಆತಂಕವಿದೆ. ಒಂದೊಂದು ಹಾರ ಹಾಕಿದ ಮುಖಕ್ಕೂ ಒಂದೊಂದು ಗುಂಪುಫೋಟೋ ಮೂಲವಾಗಿ ಅಲ್ಲಿದೆ: ಹೆಗಲ ಮೇಲಿನ ಬೆರಳುಗಳು, ಓಡಲು ನೋಡುತ್ತಿರುವ ಮಗು, ಹಿಂದೆ ಕಟ್ಟಿದ ಮಾವಿನ ತೋರಣ, ಮಡಿ ಉಟ್ಟ ಅಡಿಗೆಯವರು, ಸಾಲಿನಲ್ಲಿ ಜಾಗ ಸಾಲದೆ ಅರ್ಧ ಮುಖ ಮಾತ್ರ ಬಂದ ನೆಂಟರು. ಮನೆಗೆ ಬರುವುದು ಕತ್ತರಿಸಿದ ಮುಖ, ಕತ್ತರಿಸಿ ಉಳಿದದ್ದು ಕಂಪ್ಯೂಟರಿನಲ್ಲಿ. ಸ್ಟುಡಿಯೋ ಮುಚ್ಚಿದಾಗ ಹಾರ್ಡ್ ಡಿಸ್ಕು, ನೆಗೆಟಿವ್ ಡಬ್ಬಿ ಎರಡೂ ಗುಜರಿಗೆ ಹೋಗುತ್ತವೆ. ಬೈರೂತಿನಲ್ಲಿ ಜಾತಾರಿ ಮತ್ತು ಗೆಳೆಯರು 1997ರಲ್ಲಿ ಅರಬ್ ಇಮೇಜ್ ಫೌಂಡೇಶನ್ ಕಟ್ಟಿ ಸ್ಟುಡಿಯೋಗಳ, ಮನೆಗಳ ಫೋಟೋಗಳನ್ನು ಕೂಡಿಡದಿದ್ದರೆ ಗೀರಿದ ಆ ನೆಗೆಟಿವ್‌ಗಳಂಥವು ಇಂದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಶಿರಸಿಯಲ್ಲೋ ಕಾರವಾರದಲ್ಲೋ ಒಂದು ಪ್ರದರ್ಶನವಾಗಬೇಕೆಂಬುದು ನನ್ನ ಆಸೆ. ಒಂದು ಕಡೆ ಗೋಡೆಯ ಚೌಕಟ್ಟು, ಅದರ ಪಕ್ಕದಲ್ಲಿ ಅದು ಹೊರಟು ಬಂದ ಗುಂಪುಫೋಟೋ, ನಿಂತವರೆಲ್ಲರ ಹೆಸರು ಸಮೇತ. ಹೆಸರುಗಳನ್ನು ಹೇಳಬಲ್ಲವರು ಇನ್ನೂ ಇದ್ದಾರೆ, ಆದರೆ ಅವರಿಗೂ ವಯಸ್ಸಾಗುತ್ತಿದೆ. ಉಪನಯನದ ಆ ಫೋಟೋದಲ್ಲಿರುವ ಎಲ್ಲರನ್ನೂ ಗುರುತಿಸಬಲ್ಲವಳು ಈಗ ಚಿಕ್ಕಿಯೊಬ್ಬಳೇ. ಮನೆಯವರು ಬೇಡವೆಂದ ಫೋಟೋ ಹೊರಗೆ ಬರಕೂಡದು, ಹಾರ ಹಾಕಿದ ಚೌಕಟ್ಟಿನ ಪಕ್ಕದಲ್ಲಿ ಬದುಕಿರುವವರನ್ನು ತೋರಿಸುವುದು ಯಾರಿಗಾದರೂ ನೋವು ತರುವುದಾದರೆ ಅದನ್ನೂ ಗೌರವಿಸಬೇಕು. ಸ್ಟುಡಿಯೋ ನಡೆಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆಯ ಸಂಗ್ರಹವನ್ನು ಗುಜರಿಗೆ ಹಾಕುವ ಮೊದಲು ದಯವಿಟ್ಟು ಒಂದು ಮಾತು ತಿಳಿಸಿ. ಮನೆಮನೆಗೆ ಹೋಗಿ ಒಪ್ಪಿಗೆ ಕೇಳುವ, ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾನು ಬರುತ್ತೇನೆ.